ಪಾರ್ಟ್ ಬದಲಿಸಿದ ಮೇಲೆ ಅಸೆಂಬ್ಲಿ ಕೆಟ್ಟರೆ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಕೃಷಿ ಯಂತ್ರ ಮಾಡುವ ಶೆಡ್‌ಗಳಿಗೆ ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ (ಕಂಪ್ಯೂಟರ್‌ನಲ್ಲಿ ಯಂತ್ರದ ಮಾಡೆಲ್ ಬರೆಯುವ ಸಾಫ್ಟ್‌ವೇರ್) ಡಿಸೈನ್ ಮಾಡಿಕೊಡುವವರು ಹೊಸ ಯಂತ್ರವನ್ನು ಮೊದಲಿನಿಂದ ಬರೆಯುವುದು ಕಡಿಮೆ. ಜಾಸ್ತಿ ಹೊತ್ತು ಹೋಗುವುದು ಇದ್ದ ಯಂತ್ರದಲ್ಲಿ ಒಂದು ಪಾರ್ಟ್ ತೆಗೆದು ಇನ್ನೊಂದನ್ನು ಕೂರಿಸುವುದರಲ್ಲಿ. "ಅಣ್ಣ, ಶಾಫ್ಟ್ ಬಾಗ್ತಾ ಇದೆ, 25ರ ಬದಲು 30ಕ್ಕೆ ಮಾಡಿಕೊಡಿ" ಅಂತ ಒಂದು ಫೋನ್ ಬರುತ್ತದೆ. ಕೇಳಲು ಸಣ್ಣ ಕೆಲಸ. ಆದರೆ ಶಾಫ್ಟ್ ಬದಲಾದರೆ ಬೇರಿಂಗ್ ಬದಲಾಗಬೇಕು, ಪುಲ್ಲಿಯ ತೂತು ಬದಲಾಗಬೇಕು, ಚಾಸಿಯ ಬೋಲ್ಟ್ ತೂತುಗಳೂ ಬದಲಾಗಬೇಕು. ಇಷ್ಟರ ನಡುವೆ ಪರದೆಯ ಮೇಲೆ ಕೆಂಪು ಗುರುತುಗಳು ಸಾಲು ಸಾಲಾಗಿ ಬಂದು ನಿಲ್ಲುತ್ತವೆ.

ಈ ಬರಹದಲ್ಲಿ ಉದಾಹರಣೆಗೆ ಮೆಕ್ಕೆಜೋಳ ಒಕ್ಕುವ ಯಂತ್ರವನ್ನೇ ಇಟ್ಟುಕೊಂಡಿದ್ದೇನೆ. ಕೆಳಗೆ ಆ್ಯಂಗಲ್‌ನಿಂದ ಮಾಡಿದ ಚಾಸಿ, ಅದರ ಮೇಲೆ ಎರಡು ಬೇರಿಂಗ್ ಬ್ಲಾಕ್, ಅವುಗಳ ನಡುವೆ ಡ್ರಮ್ಮಿನ ಶಾಫ್ಟ್, ಡ್ರಮ್ಮಿನ ಕೆಳಗೆ ಜರಡಿ, ಶಾಫ್ಟ್‌ನ ತುದಿಯಲ್ಲಿ ಪುಲ್ಲಿ. ಮೆನುಗಳ ಹೆಸರು ಹೆಚ್ಚಾಗಿ ಸಾಲಿಡ್‌ವರ್ಕ್ಸ್ ಎಂಬ ಕ್ಯಾಡ್ ಸಾಫ್ಟ್‌ವೇರ್‌ನವು. ಇಂಥದೇ ಸಾಫ್ಟ್‌ವೇರ್‌ಗಳಾದ ಇನ್ವೆಂಟರ್, ಫ್ರೀಕ್ಯಾಡ್‌ನಲ್ಲಿ ಬೇರೆ ಇರುವ ಕಡೆ ಅಲ್ಲಲ್ಲೇ ಹೇಳುತ್ತೇನೆ.

ಕೈ ಹಚ್ಚುವ ಮುಂಚೆ

ಮೊದಲು ಇಡೀ ಕೆಲಸದ ಒಂದು ನಕಲು ತೆಗೆಯಿರಿ. ಅಸೆಂಬ್ಲಿ (ಪಾರ್ಟ್‌ಗಳನ್ನೆಲ್ಲ ಜೋಡಿಸಿಟ್ಟ ಮಾಡೆಲ್) ಫೈಲ್ ಒಂದನ್ನೇ ಕಾಪಿ ಮಾಡಿದರೆ ಸಾಲದು. ಆ ಫೈಲ್‌ನೊಳಗೆ ಪಾರ್ಟ್‌ಗಳು ಇರುವುದಿಲ್ಲ, ಪಾರ್ಟ್‌ಗಳು ಎಲ್ಲಿವೆ ಎಂಬ ವಿಳಾಸ ಮಾತ್ರ ಇರುತ್ತದೆ. ಹಾಗಾಗಿ 'ಪ್ಯಾಕ್ ಅಂಡ್ ಗೋ' ಬಳಸಿ. ಅಸೆಂಬ್ಲಿ, ಪಾರ್ಟ್, ಡ್ರಾಯಿಂಗ್ ಎಲ್ಲವನ್ನೂ ಅದು ಒಂದೇ ಫೋಲ್ಡರ್‌ಗೆ ತಂದು ಹಾಕುತ್ತದೆ. ಡ್ರಾಯಿಂಗ್ ಸೇರಿಸುವ ಗುರುತನ್ನು ನೀವೇ ಹಾಕಬೇಕು, ಮರೆಯಬೇಡಿ. ಇನ್ವೆಂಟರ್‌ನಲ್ಲೂ ಇದೇ ಹೆಸರಿನ ಸೌಲಭ್ಯ ಇದೆ.

ಇನ್ನೊಂದು ಎಚ್ಚರಿಕೆ. ಕೆಂಪು ಗುರುತು ಕಂಡ ಕೂಡಲೇ ಸೇವ್ ಒತ್ತಬೇಡಿ. ಸೇವ್ ಮಾಡದೆ ಮುಚ್ಚಿದರೆ ಹಳೆಯ ಸ್ಥಿತಿ ಹಾಗೇ ಇರುತ್ತದೆ. ಸೇವ್ ಮಾಡಿ ಮುಚ್ಚಿದರೆ ಅನ್‌ಡೂ ಪಟ್ಟಿಯೂ ಹೋಗುತ್ತದೆ. ಕರೆಂಟ್ ಹೋಗುವ ಹೊತ್ತು ಅಂತ ಗೊತ್ತಿದ್ದರೆ ಯುಪಿಎಸ್ ಇಲ್ಲದ ಕಂಪ್ಯೂಟರ್‌ನಲ್ಲಿ ದೊಡ್ಡ ಅಸೆಂಬ್ಲಿಗೆ ಕೈ ಹಾಕಬೇಡಿ. ಸೇವ್ ಆಗುತ್ತಿರುವಾಗ ಕಂಪ್ಯೂಟರ್ ಆಫ್ ಆದರೆ ಫೈಲೇ ಹಾಳಾಗಬಹುದು.

ಲಕ್ಷಣ: ಬದಲಿಸಿದ್ದೇನೆ, ಆದರೂ ಹಳೆಯ ಪಾರ್ಟೇ ಕಾಣುತ್ತಿದೆ

ಖರ್ಚಿಲ್ಲದ ಪರೀಕ್ಷೆ ಮೊದಲು. ಕಂಟ್ರೋಲ್ ಮತ್ತು ಬಿ ಒತ್ತಿ ರೀಬಿಲ್ಡ್ ಮಾಡಿ. ಬದಲಾಗದಿದ್ದರೆ ಕಂಟ್ರೋಲ್ ಮತ್ತು ಕ್ಯೂ ಒತ್ತಿ. ಮೊದಲನೆಯದು ಬದಲಾವಣೆ ಆದದ್ದನ್ನು ಮಾತ್ರ ಮತ್ತೆ ಕಟ್ಟುತ್ತದೆ, ಎರಡನೆಯದು ಎಲ್ಲವನ್ನೂ ಮೊದಲಿನಿಂದ ಕಟ್ಟುತ್ತದೆ.

ಆಮೇಲೆ ಎಷ್ಟು ಬದಲಾಗಿದೆ ನೋಡಿ. ಎರಡು ಬೇರಿಂಗ್‌ನಲ್ಲಿ ಒಂದು ಹೊಸದು, ಒಂದು ಹಳೆಯದು ಇದ್ದರೆ ನೀವು ಆರಿಸಿದ ಒಂದೇ ಪಾರ್ಟ್ ಬದಲಾಗಿದೆ ಅಂತ ಅರ್ಥ. ರೀಪ್ಲೇಸ್ ಮಾಡುವಾಗ 'ಆಲ್ ಇನ್‌ಸ್ಟೆನ್ಸಸ್' ಗುರುತು ಹಾಕಬೇಕಿತ್ತು. ಇನ್ವೆಂಟರ್‌ನಲ್ಲಿ ಇವು ಎರಡು ಬೇರೆ ಬೇರೆ ಆಜ್ಞೆಗಳು: ಕಂಟ್ರೋಲ್ ಮತ್ತು ಎಚ್ ಒಂದನ್ನು ಬದಲಿಸುತ್ತದೆ, ಜೊತೆಗೆ ಶಿಫ್ಟ್ ಸೇರಿಸಿದರೆ ಎಲ್ಲವನ್ನೂ ಬದಲಿಸುತ್ತದೆ.

ಮೂರನೆಯದು ಕಾನ್ಫಿಗರೇಷನ್, ಅಂದರೆ ಒಂದೇ ಫೈಲ್‌ನೊಳಗೆ ಇಟ್ಟ ಬೇರೆ ಬೇರೆ ಅಳತೆಯ ರೂಪಗಳು. ಒಂದೇ ಪಾರ್ಟ್ ಫೈಲ್‌ನಲ್ಲಿ 25 ಮತ್ತು 30 ಮಿಲಿಮೀಟರ್‌ನ ಎರಡೂ ಶಾಫ್ಟ್ ಇದ್ದರೆ, ಫೈಲ್ ಬದಲಾಗಿರುತ್ತದೆ, ಒಳಗೆ ಆರಿಸಿರುವುದು ಮಾತ್ರ ಹಳೆಯ ಅಳತೆ. 'ಮ್ಯಾಚ್ ನೇಮ್' ಆಯ್ಕೆ ಇದ್ದರೆ ಹಳೆಯದರ ಹೆಸರಿಗೆ ಹೊಂದುವ ಕಾನ್ಫಿಗರೇಷನ್ ತಾನಾಗಿ ಬರುತ್ತದೆ. ಎಲ್ಲದಕ್ಕೂ 'ಡೀಫಾಲ್ಟ್' ಅಂತ ಹೆಸರಿಟ್ಟರೆ ಇಲ್ಲಿ ಗೊಂದಲ ಆಗುತ್ತದೆ.

ಇಷ್ಟರಲ್ಲೂ ಸಿಗದಿದ್ದರೆ ಫೈಲ್ ಹೆಸರಿನ ಮೇಲೆ ಅನುಮಾನ ಪಡಿ. ಸಾಲಿಡ್‌ವರ್ಕ್ಸ್ ಒಂದೇ ಹೆಸರಿನ ಎರಡು ಬೇರೆ ಫೈಲ್‌ಗಳನ್ನು ಒಟ್ಟಿಗೆ ತೆರೆದಿಡುವುದಿಲ್ಲ. ಹೋದ ವರ್ಷದ ಕೆಲಸದ 'ಶಾಫ್ಟ್' ತೆರೆದೇ ಇದೆ, ಈಗ ಬೇರೆ ಫೋಲ್ಡರ್‌ನ ಹೊಸ 'ಶಾಫ್ಟ್' ಬೇಕು ಅಂದರೆ ಅದು ಆಗಲೇ ನೆನಪಿನಲ್ಲಿರುವ ಹಳೆಯದನ್ನೇ ಹಿಡಿಯುತ್ತದೆ. 'ಫೈಂಡ್ ರೆಫರೆನ್ಸಸ್' ತೆರೆದು ಪ್ರತಿ ಪಾರ್ಟ್‌ನ ಪೂರ್ತಿ ವಿಳಾಸ ಓದಿ. ವಿಳಾಸ ಹಳೆಯ ಫೋಲ್ಡರ್‌ನದ್ದಾದರೆ ರೋಗ ಸಿಕ್ಕಿತು. ಎಲ್ಲ ಫೈಲ್ ಮುಚ್ಚಿ, ಬೇಕಾದ ಅಸೆಂಬ್ಲಿ ಒಂದನ್ನೇ ತೆರೆದು ಮತ್ತೆ ಬದಲಿಸಿ. ಇದಕ್ಕೆ ಶಾಶ್ವತ ಪರಿಹಾರ ಒಂದೇ: ಫೈಲ್ ಹೆಸರಿನಲ್ಲಿ ಕೆಲಸದ ನಂಬರ್ ಮತ್ತು ಅಳತೆ ಇರಲಿ. 'ಶಾಫ್ಟ್ 1', 'ಶಾಫ್ಟ್ ಹೊಸದು', 'ಶಾಫ್ಟ್ ಫೈನಲ್' ಬೇಡವೇ ಬೇಡ.

ಲಕ್ಷಣ: ರೀಪ್ಲೇಸ್ ಆಯ್ಕೆಯೇ ಸಿಗುತ್ತಿಲ್ಲ

ಪಾರ್ಟ್ ಲೈಟ್‌ವೆಯ್ಟ್ ಸ್ಥಿತಿಯಲ್ಲಿದ್ದರೆ (ಅದರ ಮಾಹಿತಿ ಅರ್ಧ ಮಾತ್ರ ತೆರೆದಿದ್ದರೆ) 'ರಿಸಾಲ್ವ್ಡ್', ಅಂದರೆ ಪೂರ್ತಿ ತೆರೆದಂತೆ ಮಾಡಿ. ಫೈಲ್ ರೀಡ್-ಓನ್ಲಿ ಆಗಿದೆಯೇ, ಇನ್ನೊಬ್ಬರು ತೆರೆದಿಟ್ಟಿದ್ದಾರೆಯೇ ಕೇಳಿ. ಪಾರ್ಟ್ ಸಬ್ ಅಸೆಂಬ್ಲಿಯ (ದೊಡ್ಡ ಅಸೆಂಬ್ಲಿಯೊಳಗಿನ ಸಣ್ಣ ಅಸೆಂಬ್ಲಿ) ಒಳಗಿದ್ದರೆ ಆ ಸಬ್ ಅಸೆಂಬ್ಲಿಯನ್ನೇ ತೆರೆದು ಅಲ್ಲಿ ಬದಲಿಸುವುದು ನೇರ ದಾರಿ. ಪ್ಯಾಟರ್ನ್‌ನಿಂದ (ಒಂದೇ ಪಾರ್ಟನ್ನು ಹಲವು ಕಡೆ ನಕಲಿಸುವ ಆಜ್ಞೆ) ಹುಟ್ಟಿದ ನಕಲು ಪಾರ್ಟ್ ಆಗಿದ್ದರೆ ಮೂಲ ಪಾರ್ಟನ್ನು ಹುಡುಕಿ ಅದನ್ನು ಬದಲಿಸಿ, ನಕಲುಗಳು ಹಿಂದೆ ಬರುತ್ತವೆ. ಇದರಲ್ಲಿ ಬೇರೆ ಗುಟ್ಟೇನೂ ಇಲ್ಲ.

ಲಕ್ಷಣ: ಹೊಸ ಪಾರ್ಟ್ ಎಲ್ಲೋ ದೂರ ಹೋಗಿ ಕೂತಿದೆ, ಅಥವಾ ತಲೆಕೆಳಗಾಗಿದೆ

ಬದಲಿಸುವಾಗ ಹೊಸ ಪಾರ್ಟ್‌ನ ಒರಿಜಿನ್ (ಅಳತೆಗಳೆಲ್ಲ ಶುರುವಾಗುವ ಸೊನ್ನೆ ಬಿಂದು) ಹಳೆಯ ಪಾರ್ಟ್‌ನ ಒರಿಜಿನ್ ಇದ್ದ ಜಾಗಕ್ಕೆ ಬರುತ್ತದೆ. ಹಳೆಯ ಬೇರಿಂಗ್ ಬ್ಲಾಕ್‌ನ ಒರಿಜಿನ್ ತೂತಿನ ನಡುವೆ ಇತ್ತು, ಹೊಸದರದ್ದು ತಳದ ಮೂಲೆಯಲ್ಲಿದೆ ಅಂದರೆ ಬ್ಲಾಕ್ ಪಕ್ಕಕ್ಕೆ ಹೋಗಿ ನಿಲ್ಲುವುದು ಸಹಜ. ಇಲ್ಲಿ ಸಾಫ್ಟ್‌ವೇರ್‌ನ ತಪ್ಪಿಲ್ಲ. ಮಾರಾಟಗಾರರ ಕ್ಯಾಟಲಾಗ್‌ನಿಂದ ಇಳಿಸಿದ ಮಾಡೆಲ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಯಾರು ಯಾವ ಮೂಲೆಯಿಂದ ಬರೆಯಲು ಶುರು ಮಾಡಿದ್ದರೋ ಒರಿಜಿನ್ ಅಲ್ಲಿರುತ್ತದೆ.

ಮೇಟ್‌ಗಳು (ಒಂದು ಪಾರ್ಟನ್ನು ಇನ್ನೊಂದಕ್ಕೆ ಹೊಂದಿಸಿ ಹಿಡಿಯುವ ಜೋಡಣೆಗಳು) ಸರಿ ಇದ್ದರೆ ಅವು ಪಾರ್ಟನ್ನು ಎಳೆದು ಜಾಗಕ್ಕೆ ತರುತ್ತವೆ. ಹಾಗೆ ಬರದೆ ದೂರದಲ್ಲೇ ಇದ್ದರೆ ಪಾರ್ಟ್ ಹೆಸರಿನ ಮುಂದಿರುವ ಗುರುತು ನೋಡಿ. ಎಫ್ ಅಕ್ಷರ ಇದ್ದರೆ ಅದು ಫಿಕ್ಸ್ ಆಗಿದೆ, ಎಷ್ಟು ಎಳೆದರೂ ಬರುವುದಿಲ್ಲ. ಫ್ಲೋಟ್ ಮಾಡಿ. ಮೈನಸ್ ಗುರುತು ಇದ್ದರೆ ಅದನ್ನು ಹಿಡಿಯಬೇಕಾದ ಮೇಟ್‌ಗಳು ಪೂರ್ತಿ ಇಲ್ಲ. ಪಾರ್ಟ್ ಜಾಗದಲ್ಲೇ ಇದೆ, ಉಲ್ಟಾ ಮಾತ್ರ ಆಗಿದೆ ಅಂದರೆ ಒಂದು ಮೇಟ್‌ನ ದಿಕ್ಕು ತಿರುಗಿದೆ. ಆ ಮೇಟ್ ಮೇಲೆ ರೈಟ್ ಕ್ಲಿಕ್ ಮಾಡಿ 'ಫ್ಲಿಪ್ ಮೇಟ್ ಅಲೈನ್‌ಮೆಂಟ್' ಒತ್ತಿದರೆ ಸರಿಯಾಗುತ್ತದೆ.

ಲಕ್ಷಣ: ಮೇಟ್‌ಗಳೆಲ್ಲ ಕೆಂಪಾಗಿವೆ

ಜಾಸ್ತಿ ಜನ ಸಿಕ್ಕಿಕೊಳ್ಳುವುದು ಇಲ್ಲೇ. ಹಾಗಾಗಿ ಕಾರಣದಿಂದ ಶುರು ಮಾಡೋಣ.

ಮೇಟ್ ಇಡೀ ಪಾರ್ಟನ್ನು ಹಿಡಿದಿರುವುದಿಲ್ಲ. ಪಾರ್ಟ್‌ನ ಒಂದು ಮುಖವನ್ನೋ, ಒಂದು ಅಂಚನ್ನೋ ಹಿಡಿದಿರುತ್ತದೆ. ಪ್ರತಿ ಮುಖಕ್ಕೂ ಸಾಫ್ಟ್‌ವೇರ್ ಒಳಗೊಳಗೇ ಒಂದು ಗುರುತಿನ ನಂಬರ್ ಕೊಟ್ಟಿರುತ್ತದೆ. ಒಂದೇ ಊರಲ್ಲಿ ಒಂದೇ ಹೆಸರಿನ ಇಬ್ಬರಿದ್ದರೂ ರೇಷನ್ ಕಾರ್ಡ್ ನಂಬರ್ ಬೇರೆ ಇರುತ್ತದಲ್ಲ, ಹಾಗೆ. ನಿಮ್ಮ ಕಣ್ಣಿಗೆ ಎರಡು ಶಾಫ್ಟ್ ಒಂದೇ ಥರ ಕಂಡರೂ, ಮೊದಲಿನಿಂದ ಬೇರೆಯಾಗಿ ಬರೆದಿದ್ದರೆ ಅವುಗಳ ಮುಖದ ನಂಬರ್ ಬೇರೆ. ಮೇಟ್ ಹಳೆಯ ನಂಬರ್ ಹುಡುಕುತ್ತದೆ, ಸಿಗುವುದಿಲ್ಲ, ಕೆಂಪಾಗುತ್ತದೆ.

ಹಳೆಯ ಪಾರ್ಟನ್ನೇ ಬೇರೆ ಹೆಸರಿನಲ್ಲಿ ಸೇವ್ ಮಾಡಿ ಅಳತೆ ಮಾತ್ರ ತಿದ್ದಿದರೆ ನಂಬರ್‌ಗಳು ಉಳಿಯುತ್ತವೆ, ಮೇಟ್‌ಗಳೂ ಉಳಿಯುತ್ತವೆ. ಸ್ಟೆಪ್ ಫೈಲ್‌ನಿಂದ (ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಮಾಡೆಲ್ ಸಾಗಿಸುವ ಫೈಲ್) ತಂದ ಪಾರ್ಟ್‌ನಲ್ಲಿ ಈ ಭಾಗ್ಯ ಇಲ್ಲ. ಹಾಗಾಗಿ ಅಳತೆ ಮಾತ್ರ ಬೇರೆ ಇರುವಾಗ ಹೊಸದಾಗಿ ಬರೆಯಬೇಡಿ, ಹಳೆಯದರ ನಕಲಿನಿಂದ ಮಾಡಿ.

ಆ ನಕಲು ಮಾಡುವಾಗ ಒಂದು ಕಡೆ ಹುಷಾರಾಗಿರಬೇಕು. ಅಸೆಂಬ್ಲಿ ತೆರೆದಿರುವಾಗಲೇ ಪಾರ್ಟನ್ನು 'ಸೇವ್ ಆ್ಯಸ್' ಮಾಡಿದರೆ ಅಸೆಂಬ್ಲಿ ಆ ಕ್ಷಣವೇ ಹೊಸ ಫೈಲ್‌ಗೆ ಹೊರಳುತ್ತದೆ. ತೆರೆದಿರುವ ಬೇರೆ ಅಸೆಂಬ್ಲಿಗಳೂ ಹೊರಳುತ್ತವೆ. ಬೇಕಂತಲೇ ಮಾಡಿದರೆ ಇದು ಮೇಟ್ ಕೆಡದ ಸುಲಭ ಬದಲಾವಣೆ. ಗೊತ್ತಿಲ್ಲದೆ ಮಾಡಿದರೆ ಇನ್ನೊಬ್ಬ ಗಿರಾಕಿಯ ಯಂತ್ರದಲ್ಲೂ ಶಾಫ್ಟ್ ಬದಲಾಗಿ ಕೂತಿರುತ್ತದೆ. ಸುಮ್ನೆ ನಕಲು ಬೇಕು ಅಂದರೆ 'ಸೇವ್ ಆ್ಯಸ್ ಕಾಪಿ ಅಂಡ್ ಕಂಟಿನ್ಯೂ' ಆರಿಸಿ.

ಈಗ ಕೆಂಪಾಗಿರುವ ಮೇಟ್‌ಗಳಿಗೆ ಬರೋಣ. 'ವಾಟ್ಸ್ ರಾಂಗ್' ಕಿಟಕಿ ತೆರೆದು ಸಂದೇಶ ಓದಿ. ಎರಡು ಬೇರೆ ಬೇರೆ ರೋಗಗಳು ಒಂದೇ ಬಣ್ಣದಲ್ಲಿ ಕಾಣುತ್ತವೆ, ಅವನ್ನು ಬೇರೆ ಮಾಡದೆ ಮುಂದೆ ಹೋಗಬೇಡಿ.

ಒಂದು, ಮೇಟ್‌ಗೆ ಹಿಡಿಯಲು ಮುಖ ಸಿಕ್ಕಿಲ್ಲ. ಸಂದೇಶದಲ್ಲಿ ಮುಖ ಅಥವಾ ಅಂಚು ಕಾಣೆಯಾಗಿದೆ ಅಂತ ಇರುತ್ತದೆ. ಇದು ವಾಸಿ. ಮೇಟ್ ಅಳಿಸಬೇಡಿ. ರೀಪ್ಲೇಸ್ ಮಾಡುವಾಗಲೇ 'ರೀ-ಅಟ್ಯಾಚ್ ಮೇಟ್ಸ್' ಗುರುತು ಹಾಕಿದ್ದರೆ, ಬದಲಾದ ಕೂಡಲೇ ಅನಾಥವಾದ ಮೇಟ್‌ಗಳ ಪಟ್ಟಿ ಬರುತ್ತದೆ. ಒಂದೊಂದನ್ನೇ ಆರಿಸಿ ಹೊಸ ಪಾರ್ಟ್‌ನ ಸರಿಯಾದ ಮುಖವನ್ನು ತೋರಿಸುತ್ತಾ ಹೋಗಿ. ಆ ಕಿಟಕಿ ಮುಚ್ಚಿಬಿಟ್ಟಿದ್ದರೂ ಚಿಂತೆ ಇಲ್ಲ. ಮೇಟ್ ಮೇಲೆ ರೈಟ್ ಕ್ಲಿಕ್ ಮಾಡಿ 'ಎಡಿಟ್ ಫೀಚರ್' ತೆರೆದು ಕಾಣೆಯಾದ ಮುಖ ತೆಗೆದು ಹೊಸದನ್ನು ಕೊಡಬಹುದು. ಡ್ರಮ್ಮಿನ ಶಾಫ್ಟ್ ಆದರೆ ಮೊದಲು ಬೇರಿಂಗ್ ತೂತಿನ ಕಾನ್ಸೆಂಟ್ರಿಕ್ (ಎರಡರ ನಡುಗೆರೆ ಒಂದೇ ಮಾಡುವ) ಮೇಟ್ ಸರಿ ಮಾಡಿ, ಆಮೇಲೆ ಉದ್ದದ ದಿಕ್ಕಿನದು, ಕೊನೆಗೆ ಕೀವೇಯ (ಪುಲ್ಲಿ ಶಾಫ್ಟ್ ಮೇಲೆ ಜಾರದಂತೆ ಹಿಡಿಯುವ ಕೀ ಕೂರುವ ತೋಡು) ದಿಕ್ಕಿನದು. ಈ ಕ್ರಮದಲ್ಲಿ ಹೋದರೆ ಪಾರ್ಟ್ ಅತ್ತಿತ್ತ ಹಾರುವುದಿಲ್ಲ.

ಎರಡು, ಮೇಟ್‌ಗಳು ಒಂದರ ಜೊತೆ ಇನ್ನೊಂದು ಜಗಳ ಮಾಡುತ್ತಿವೆ. ಪಾರ್ಟ್ ಹೆಸರಿನ ಮುಂದೆ ಪ್ಲಸ್ ಗುರುತು ಬರುತ್ತದೆ. ಮುಖಗಳೆಲ್ಲ ಸಿಕ್ಕಿವೆ, ಆದರೆ ಅವರೆಲ್ಲರ ಮಾತು ಒಟ್ಟಿಗೆ ನಡೆಸಲು ಆಗುತ್ತಿಲ್ಲ. ಉದಾಹರಣೆಗೆ ಬೇರಿಂಗ್ ಬ್ಲಾಕ್‌ನ ಎರಡೂ ಬೋಲ್ಟ್ ತೂತನ್ನು ಚಾಸಿಯ ಎರಡು ತೂತಿಗೆ ಮೇಟ್ ಮಾಡಿದ್ದೀರಿ. ಹೊಸ ಬ್ಲಾಕ್‌ನ ತೂತುಗಳ ಅಂತರ ಬೇರೆ. ಎರಡೂ ಕೂರುವುದು ಸಾಧ್ಯವೇ ಇಲ್ಲ. ಇಲ್ಲಿ ಸಾಫ್ಟ್‌ವೇರ್ ಸತ್ಯ ಹೇಳುತ್ತಿದೆ: ಕಬ್ಬಿಣದಲ್ಲೂ ಈ ಬ್ಲಾಕ್ ಈ ಚಾಸಿಗೆ ಕೂರುವುದಿಲ್ಲ. ಕೆಂಪು ಹೋಗಲಿ ಅಂತ ಒಂದು ಮೇಟ್ ಸಪ್ರೆಸ್ (ಅಳಿಸದೆ ಆಫ್) ಮಾಡುವುದು ಅತಿ ಕೆಟ್ಟ ಅಭ್ಯಾಸ. ಗುರುತು ಹೋಗುತ್ತದೆ, ದೋಷ ವೆಲ್ಡಿಂಗ್ ಟೇಬಲ್‌ವರೆಗೆ ಹೋಗುತ್ತದೆ.

ಯಾವ ಮೇಟ್ ಜಗಳಗಂಟಿ ಅಂತ ಗೊತ್ತಾಗದಿದ್ದರೆ 'ಮೇಟ್ ಎಕ್ಸ್‌ಪರ್ಟ್' ಓಡಿಸಿ, ಹೊಂದದ ಮೇಟ್‌ಗಳ ಗುಂಪನ್ನು ತೋರಿಸುತ್ತದೆ. ಅದರಲ್ಲೂ ಸಿಗದಿದ್ದರೆ ಹಳೆಯ ಉಪಾಯ ಇದೆ. ಆ ಪಾರ್ಟ್‌ನ ಮೇಟ್‌ಗಳನ್ನೆಲ್ಲ ಸಪ್ರೆಸ್ ಮಾಡಿ, ಒಂದೊಂದನ್ನೇ ಮತ್ತೆ ಆನ್ ಮಾಡುತ್ತಾ ಬನ್ನಿ. ಎಲ್ಲಿ ಕೆಂಪಾಯಿತೋ ಆ ಮೇಟ್ ಮತ್ತು ಅದಕ್ಕೆ ಮುಂಚಿನವುಗಳ ನಡುವೆ ಜಗಳ. ಪರೀಕ್ಷೆಗೆ ಸಪ್ರೆಸ್ ಮಾಡುವುದು ಬೇರೆ, ಹಾಗೇ ಬಿಟ್ಟು ಹೋಗುವುದು ಬೇರೆ.

ಇನ್ವೆಂಟರ್‌ನಲ್ಲಿ ಬದಲಿಸುವಾಗಲೇ ಕನ್‌ಸ್ಟ್ರೇಂಟ್ (ಮೇಟ್‌ಗೆ ಅಲ್ಲಿನ ಹೆಸರು) ಕಳೆದುಹೋಗಬಹುದು ಅಂತ ಮುನ್ನೆಚ್ಚರಿಕೆ ಬರುತ್ತದೆ. ಅದನ್ನು ಓದದೆ ಓಕೆ ಒತ್ತಬೇಡಿ. ಆಮೇಲೆ ಕೆಂಪು ಕ್ರಾಸ್ ಗುರುತು ಕಂಡರೆ 'ಡಿಸೈನ್ ಡಾಕ್ಟರ್' ತೆರೆಯಿರಿ.

ಫ್ರೀಕ್ಯಾಡ್ ಬಳಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಅದರಲ್ಲಿ ಮುಖಗಳಿಗೆ 'ಫೇಸ್ 6' ಅನ್ನುವ ಥರ ಕ್ರಮಸಂಖ್ಯೆಯ ಹೆಸರು. ಪಾರ್ಟ್‌ನಲ್ಲಿ ಒಂದು ತೂತು ಸೇರಿಸಿದರೂ ಕ್ರಮ ಬದಲಾಗಿ ಜಾಯಿಂಟ್ (ಮೇಟ್‌ಗೆ ಇಲ್ಲಿನ ಹೆಸರು) ತಪ್ಪು ಮುಖಕ್ಕೆ ಅಂಟಿಕೊಳ್ಳಬಹುದು, ಅದೂ ಯಾವ ಕೆಂಪು ಗುರುತೂ ಇಲ್ಲದೆ. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಯಲ್ಲಿ ಈ ತೊಂದರೆ ಬಹಳ ಕಡಿಮೆಯಾಗಿದೆ, ಅಸೆಂಬ್ಲಿ ವರ್ಕ್‌ಬೆಂಚ್ (ಪಾರ್ಟ್ ಜೋಡಿಸುವ ವಿಭಾಗ) ಕೂಡ ಅದರಲ್ಲೇ ಸೇರಿದೆ. ಹಳೆಯ ಆವೃತ್ತಿಯಲ್ಲಿದ್ದರೆ ಬದಲಾಯಿಸಿಕೊಳ್ಳಿ, ದುಡ್ಡೇನೂ ಕೊಡಬೇಕಿಲ್ಲ.

ಇದೇ ಬೇರಿಂಗ್, ಇದೇ ಪುಲ್ಲಿಯನ್ನು ಮತ್ತೆ ಮತ್ತೆ ಬದಲಿಸುವ ಕೆಲಸ ನಿಮ್ಮದಾದರೆ ಪ್ರತಿ ಪಾರ್ಟ್‌ನಲ್ಲೂ 'ಮೇಟ್ ರೆಫರೆನ್ಸ್' ಹಾಕಿಡಿ. ಎಲ್ಲ ಅಳತೆಯ ಬ್ಲಾಕ್‌ಗೂ ಒಂದೇ ಹೆಸರಿನ ರೆಫರೆನ್ಸ್ ಇದ್ದರೆ, ಮುಖದ ನಂಬರ್ ಬೇರೆ ಇದ್ದರೂ ಮೇಟ್ ಹೊಸದನ್ನು ಗುರುತಿಸುತ್ತದೆ. ಇನ್ವೆಂಟರ್‌ನಲ್ಲಿ ಇದೇ ಕೆಲಸವನ್ನು ಐಮೇಟ್ ಮಾಡುತ್ತದೆ. ಇದಕ್ಕೆ ಒಂದು ಮಧ್ಯಾಹ್ನ ಹೋದರೂ ಚಿಂತೆ ಇಲ್ಲ. ದೀಪಾವಳಿ ಹೊತ್ತಿಗೆ ಮೆಕ್ಕೆಜೋಳದ ಕಟಾವು ಶುರುವಾಗಿ ಎಲ್ಲರೂ ಒಟ್ಟಿಗೆ ಯಂತ್ರ ಕೇಳುವಾಗ ಆ ಹೊತ್ತು ವಾಪಸ್ ಸಿಗುತ್ತದೆ.

ಲಕ್ಷಣ: ಬದಲಿಸಿದ್ದು ಬೇರಿಂಗ್, ಕೆಟ್ಟಿದ್ದು ಚಾಸಿ

ಮುಟ್ಟದೇ ಇರುವ ಪಾರ್ಟ್‌ನಲ್ಲಿ ಕೆಂಪು ಬಂದರೆ ಆ ಪಾರ್ಟನ್ನು ಅಸೆಂಬ್ಲಿಯ ಒಳಗೇ ಬರೆದಿದ್ದಾರೆ ಅಂತ ಅರ್ಥ. ಬೇರಿಂಗ್‌ನ ತೂತಿನ ಗೆರೆಯನ್ನೇ ಎಳೆದುಕೊಂಡು ಚಾಸಿಯಲ್ಲಿ ತೂತು ಹಾಕಿರುತ್ತಾರೆ. ಹಳೆಯ ಬೇರಿಂಗ್ ಹೋದಾಗ ಚಾಸಿಯ ಸ್ಕೆಚ್‌ಗೆ (ತೂತಿನ ಗೆರೆಚಿತ್ರಕ್ಕೆ) ಆಧಾರ ತಪ್ಪುತ್ತದೆ.

ಫೀಚರ್ ಟ್ರೀಯಲ್ಲಿ (ಪರದೆಯ ಪಕ್ಕದಲ್ಲಿ ಪಾರ್ಟ್, ಸ್ಕೆಚ್‌ಗಳ ಹೆಸರು ಮರದಂತೆ ಇಳಿಯುವ ಪಟ್ಟಿ) ಹೆಸರಿನ ಕೊನೆಯ ಬಾಣದ ಗುರುತು ನೋಡಿ. ಬಾಣ ಮಾತ್ರ ಇದ್ದರೆ ಆಧಾರ ಸಿಕ್ಕಿದೆ. ಬಾಣದ ಜೊತೆ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಆಧಾರ ಸಿಗುತ್ತಿಲ್ಲ, ಬಹುಶಃ ಮೂಲ ಅಸೆಂಬ್ಲಿ ತೆರೆದಿಲ್ಲ. ಅದನ್ನು ತೆರೆದು ನೋಡಿ, ಖರ್ಚಿಲ್ಲದ ಪರೀಕ್ಷೆ. ನಕ್ಷತ್ರ ಇದ್ದರೆ ಯಾರೋ ಲಾಕ್ ಮಾಡಿದ್ದಾರೆ. ಎಕ್ಸ್ ಇದ್ದರೆ ಸಂಬಂಧ ಕಡಿದುಹೋಗಿದೆ, ಆ ತೂತು ಇನ್ನು ತಾನಾಗಿ ಬದಲಾಗುವುದಿಲ್ಲ.

ಸರಿ ಮಾಡಲು ಚಾಸಿಯ ಸ್ಕೆಚ್ ತೆರೆದು 'ಡಿಸ್‌ಪ್ಲೇ/ಡಿಲೀಟ್ ರಿಲೇಷನ್ಸ್'ನಲ್ಲಿ ಆಧಾರ ತಪ್ಪಿದ ಸಂಬಂಧಗಳನ್ನು ಹುಡುಕಿ. ಪ್ರತಿಯೊಂದನ್ನೂ ಹೊಸ ಬೇರಿಂಗ್‌ನ ಅಂಚಿಗೆ ಕೊಡಬಹುದು, ಅಥವಾ ಅಳಿಸಿ ನೇರ ಅಳತೆ ಹಾಕಬಹುದು. ನನ್ನ ಅಭಿಪ್ರಾಯ ಎರಡನೆಯದು. ಬೇರಿಂಗ್ ಬ್ಲಾಕ್‌ನಂತಹ ಮಾರುಕಟ್ಟೆ ಪಾರ್ಟ್‌ನ ತೂತಿನ ಅಂತರ ಕ್ಯಾಟಲಾಗ್‌ನಲ್ಲೇ ಇರುತ್ತದೆ. ಅದನ್ನು ಅಂಕಿಯಾಗಿ ಬರೆದಿಟ್ಟರೆ ಮುಂದಿನವರಿಗೂ ಓದಲು ಸಿಗುತ್ತದೆ.

ಲಕ್ಷಣ: ಎಲ್ಲೂ ಕೆಂಪಿಲ್ಲ, ಆದರೆ ಯಂತ್ರ ಸರಿ ಕೂರುತ್ತಿಲ್ಲ

ಇದೇ ಎಲ್ಲಕ್ಕಿಂತ ಅಪಾಯದ್ದು. ಇಲ್ಲಿ ಪರದೆ ನಿಮಗೆ ಏನನ್ನೂ ಹೇಳುವುದಿಲ್ಲ, ನೀವೇ ಅಳೆಯಬೇಕು.

25 ಮಿಲಿಮೀಟರ್ ಶಾಫ್ಟ್‌ಗೆ ಯುಸಿಪಿ 205 ಬೇರಿಂಗ್ ಬ್ಲಾಕ್ ಬರುತ್ತದೆ, 30ಕ್ಕೆ ಯುಸಿಪಿ 206. ತಳದಿಂದ ಶಾಫ್ಟ್‌ನ ನಡುವಿಗೆ ಎತ್ತರ 205ರಲ್ಲಿ 36.5 ಮಿಲಿಮೀಟರ್, 206ರಲ್ಲಿ 42.9. ಬೋಲ್ಟ್ ತೂತುಗಳ ಅಂತರ 105 ಇದ್ದದ್ದು 121 ಆಗುತ್ತದೆ. ಬೋಲ್ಟ್ ಎಂ10 ಇದ್ದದ್ದು ಎಂ14 ಆಗುತ್ತದೆ.

ಈಗ ಅಸೆಂಬ್ಲಿಯಲ್ಲಿ ಏನಾಗುತ್ತದೆ ನೋಡಿ. ಬ್ಲಾಕ್‌ನ ತಳ ಚಾಸಿಗೆ, ಒಂದು ತೂತು ಚಾಸಿಯ ಒಂದು ತೂತಿಗೆ, ಒಂದು ಪಕ್ಕ ಸಮಾನಾಂತರ. ಇಷ್ಟೇ ಮೇಟ್ ಇದ್ದರೆ ಬದಲಾವಣೆ ಸಲೀಸಾಗಿ ಆಗುತ್ತದೆ. ಎರಡನೇ ತೂತಿಗೆ ಮೇಟ್ ಇಲ್ಲ, ಹಾಗಾಗಿ ಅದು 16 ಮಿಲಿಮೀಟರ್ ಆಚೆ ಹೋದರೂ ಯಾರೂ ಕೇಳುವುದಿಲ್ಲ. ಶಾಫ್ಟ್‌ನ ನಡುಗೆರೆ 6.4 ಮಿಲಿಮೀಟರ್ ಮೇಲೇರುತ್ತದೆ, 8 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಡ್ರಮ್ ಶಾಫ್ಟ್ ಜೊತೆ ಹೋಗುತ್ತದೆ. ಜರಡಿ ಚಾಸಿಗೆ ಬಿಗಿದಿರುವುದರಿಂದ ಅಲ್ಲೇ ಉಳಿಯುತ್ತದೆ. ಡ್ರಮ್ಮಿಗೂ ಜರಡಿಗೂ ನಡುವಿನ ಸಂದು ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ತೆನೆ ಒಕ್ಕುವ ಕೆಲಸವೆಲ್ಲ ನಡೆಯುವುದು ಆ ಸಂದಿನಲ್ಲೇ ಅಲ್ವಾ? ಸಂದು ದೊಡ್ಡದಾದ ಕಡೆ ಕಾಳು ತೆನೆಯಲ್ಲೇ ಉಳಿಯುತ್ತದೆ, ಸಣ್ಣದಾದ ಕಡೆ ಕಾಳು ಒಡೆಯುತ್ತದೆ.

ಹಾಗಾಗಿ ಬದಲಾವಣೆಗೆ ಮುಂಚೆ ನಾಲ್ಕಾರು ಮುಖ್ಯ ಅಳತೆ ಬರೆದಿಡಿ: ಶಾಫ್ಟ್‌ನ ಎತ್ತರ, ಡ್ರಮ್ ಮತ್ತು ಜರಡಿಯ ಸಂದು, ಮೋಟರ್ ಪುಲ್ಲಿಗೂ ಡ್ರಮ್ ಪುಲ್ಲಿಗೂ ನಡುವಿನ ಅಂತರ, ಮೇಲಿನ ಮುಚ್ಚಳದ ಸಂದು. ಬದಲಾವಣೆ ಆದ ಮೇಲೆ ಅವನ್ನೇ ಮತ್ತೆ ಅಳೆಯಿರಿ. ವ್ಯತ್ಯಾಸ ಇದ್ದರೆ ಏಕೆ ಅಂತ ಹೇಳಲು ನಿಮಗೆ ಬರಬೇಕು. ಮೇಟ್ ಹಾಕುವಾಗಲೇ ತೂತಿನ ಬದಲು ಬ್ಲಾಕ್‌ನ ನಡು ಪ್ಲೇನ್ (ಸರಿ ನಡುವೆ ಹಾಯುವ ಕಾಲ್ಪನಿಕ ಸಮತಲ) ಬಳಸಿದ್ದರೆ ಆ 8 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತಲೇ ಇರಲಿಲ್ಲ. ಎತ್ತರದ 6.4ಕ್ಕೆ ಮಾತ್ರ ಚಾಸಿಯನ್ನೋ ಜರಡಿಯನ್ನೋ ತಿದ್ದಲೇಬೇಕು.

'ಇಂಟರ್‌ಫರೆನ್ಸ್ ಡಿಟೆಕ್ಷನ್' ಓಡಿಸುವುದನ್ನು ಬಿಡಬೇಡಿ. ಪುಲ್ಲಿಯ ತೂತು 25 ಇದ್ದು ಶಾಫ್ಟ್ 30 ಆಗಿದ್ದರೆ ಅಲ್ಲಿ ಉಂಗುರದಂತೆ ಕೆಂಪು ಕಾಣುತ್ತದೆ. ಆದರೆ ಈ ಪರೀಕ್ಷೆ ಒಂದರ ಒಳಗೆ ಇನ್ನೊಂದು ಹೊಕ್ಕಿದ್ದನ್ನು ಮಾತ್ರ ಹೇಳುತ್ತದೆ. ಸಡಿಲವಾಗಿದ್ದನ್ನು ಹೇಳುವುದಿಲ್ಲ. ಹಳೆಯ ಎಂ10 ಬೋಲ್ಟ್ ಹೊಸ ದೊಡ್ಡ ತೂತಿನಲ್ಲಿ ಆಡುತ್ತಾ ನಿಂತಿದ್ದರೂ ಅದಕ್ಕೆ ಎಲ್ಲ ಸರಿ. ಬೋಲ್ಟ್, ವಾಷರ್, ನಟ್‌ಗಳನ್ನು ಒಂದೊಂದಾಗಿ ಕಣ್ಣಲ್ಲೇ ನೋಡಬೇಕು.

ಕೀ ವಿಷಯದಲ್ಲೂ ಇಂಥದೇ ಒಂದು ಮೋಸ ಇದೆ. 22ಕ್ಕಿಂತ ಮೇಲೆ 30ರವರೆಗಿನ ಶಾಫ್ಟ್‌ಗೆ ಕೀ 8 ಮಿಲಿಮೀಟರ್ ಅಗಲ, 7 ಎತ್ತರ. 25ಕ್ಕೂ ಅದೇ, 30ಕ್ಕೂ ಅದೇ. ಕೀ ಬದಲಾಗುವುದಿಲ್ಲ. ಆದರೆ ಕೀ ಕೂರುವ ಜಾಗ ನಡುಗೆರೆಯಿಂದ ದೂರ ಸರಿಯಬೇಕು. ಶಾಫ್ಟ್‌ನಲ್ಲಿ ಮೇಲ್ಮೈಯಿಂದ 4 ಮಿಲಿಮೀಟರ್ ಆಳ ಬರಬೇಕು. ಸ್ಕೆಚ್‌ನಲ್ಲಿ ಆ ಆಳವನ್ನು ನಡುಗೆರೆಯಿಂದ ಅಳತೆ ಹಾಕಿದ್ದರೆ ಶಾಫ್ಟ್ ದಪ್ಪ ಆದಾಗ ಕೀವೇ ಆಳ 6.5 ಆಗಿ ಕೂರುತ್ತದೆ. ಯಾವ ಗುರುತೂ ಬರುವುದಿಲ್ಲ, ಶಾಫ್ಟ್ ಮಾತ್ರ ಅಲ್ಲಿ ದುರ್ಬಲ.

ಒಂದು ಸುರಕ್ಷತೆಯ ಮಾತು. ಪುಲ್ಲಿ ಬದಲಿಸಿದರೆ ಬೆಲ್ಟ್ ಗಾರ್ಡ್ ಮತ್ತೆ ನೋಡಲೇಬೇಕು. ಪುಲ್ಲಿ ದೊಡ್ಡದಾಗಿ ಗಾರ್ಡ್‌ಗೆ ತಾಗುತ್ತಿದ್ದರೆ ಶೆಡ್‌ನಲ್ಲಿ ಗಾರ್ಡ್ ತೆಗೆದಿಟ್ಟು ಯಂತ್ರ ಕಳಿಸಿಬಿಡುತ್ತಾರೆ. ಹೊಲದಲ್ಲಿ ಆ ಬೆಲ್ಟ್ ಪಕ್ಕ ನಿಂತು ತೆನೆ ಹಾಕುವವರ ಸೆರಗು, ಪಂಚೆ, ಕೈ ಎಲ್ಲ ಅಲ್ಲೇ ಇರುತ್ತದೆ. ಗಾರ್ಡ್ ಕೂರದ ಡ್ರಾಯಿಂಗನ್ನು ಹೊರಗೆ ಕಳಿಸಬೇಡಿ.

ಲಕ್ಷಣ: ಮಾಡೆಲ್ ಸರಿ, ಡ್ರಾಯಿಂಗ್ ಹಳೆಯದು

ಡ್ರಾಯಿಂಗ್‌ನಲ್ಲಿ ಕೆಲವು ಅಳತೆಗಳ ಬಣ್ಣ ಬದಲಾಗಿದ್ದರೆ ಅವು ಆಧಾರ ಕಳೆದುಕೊಂಡಿವೆ. ಅಂಕಿ ಹಳೆಯದೇ ಇರಬಹುದು, ನಂಬಬೇಡಿ. ಅಳತೆಯ ತುದಿಯನ್ನು ಎಳೆದು ಹೊಸ ಅಂಚಿಗೆ ಅಂಟಿಸಿ, ಇಲ್ಲವೇ ಅಳಿಸಿ ಹೊಸದಾಗಿ ಹಾಕಿ. ಬಲೂನ್‌ನಲ್ಲಿ (ಪಾರ್ಟ್‌ನ ಕ್ರಮಸಂಖ್ಯೆ ಇರುವ ವೃತ್ತ) ಪ್ರಶ್ನಾರ್ಥಕ ಚಿಹ್ನೆ ಕಂಡರೂ ಅದೇ ಚಿಕಿತ್ಸೆ.

ಬಿಲ್ ಆಫ್ ಮೆಟೀರಿಯಲ್‌ನಲ್ಲಿ (ಬೇಕಾದ ಪಾರ್ಟ್‌ಗಳ ಪಟ್ಟಿ) ಹಳೆಯ ಹೆಸರೇ ಬರುತ್ತಿದ್ದರೆ ಪಾರ್ಟ್‌ನ ಕಸ್ಟಮ್ ಪ್ರಾಪರ್ಟೀಸ್ ತೆರೆಯಿರಿ. ಹಳೆಯ ಪಾರ್ಟ್‌ನ ನಕಲಿನಿಂದ ಮಾಡಿದ್ದರೆ ಅದರ ವಿವರಣೆ, ಪಾರ್ಟ್ ನಂಬರ್ ಕೂಡ ಹಾಗೇ ಬಂದಿರುತ್ತದೆ. ಮಾಡೆಲ್‌ನಲ್ಲಿ 206, ಪಟ್ಟಿಯಲ್ಲಿ 205 ಇದ್ದರೆ ಅಂಗಡಿಯಿಂದ ಬರುವುದು 205.

ಲೇಸರ್ ಕಟಿಂಗ್‌ಗೆ ಕಳಿಸುವ ಡಿಎಕ್ಸ್‌ಎಫ್ ಫೈಲ್ ತಾನಾಗಿ ಹೊಸದಾಗುವುದಿಲ್ಲ. ಬದಲಾವಣೆ ಮುಗಿದ ಮೇಲೆ ಹೊಸದಾಗಿ ತೆಗೆದು, ಹಳೆಯದನ್ನು ಆ ಫೋಲ್ಡರ್‌ನಿಂದ ಎತ್ತಿಡಿ. ಶೀಟ್ ಕತ್ತರಿಸಿದ ಮೇಲೆ ವಾಪಸ್ ಬರುವುದಿಲ್ಲ.

ಎಲ್ಲಿ ನಿಲ್ಲಿಸಬೇಕು

ಫೈಲ್ ತೆರೆಯುವಾಗಲೇ ಸಾಫ್ಟ್‌ವೇರ್ ಮುಚ್ಚಿಹೋಗುತ್ತಿದ್ದರೆ ಪದೇ ಪದೇ ತೆರೆಯಬೇಡಿ. ಬ್ಯಾಕಪ್‌ನಿಂದ ಶುರು ಮಾಡಿ. ಬ್ಯಾಕಪ್ ಇಲ್ಲದಿದ್ದರೆ ಸಾಫ್ಟ್‌ವೇರ್ ಕೊಟ್ಟವರ ಸಪೋರ್ಟ್‌ಗೆ ಫೈಲ್ ಕಳಿಸಿ. ಫೈಲ್ ಹೊಸ ಆವೃತ್ತಿಯದ್ದು ಅಂತ ಸಂದೇಶ ಬಂದರೆ ಕಳಿಸಿದವರನ್ನೇ ಕೇಳಿ. ಸಾಲಿಡ್‌ವರ್ಕ್ಸ್ 2024ರಿಂದ ಎರಡು ವರ್ಷ ಹಿಂದಿನ ಆವೃತ್ತಿಯವರೆಗೆ ಸೇವ್ ಮಾಡಿಕೊಡಲು ಬರುತ್ತದೆ.

ಆ ಪಾರ್ಟ್ ಬೇರೆ ಗಿರಾಕಿಗಳ ಯಂತ್ರದಲ್ಲೂ ಇದೆ ಅಂತ ಗೊತ್ತಾದ ಕ್ಷಣ ನಿಲ್ಲಿಸಿ. ಡಿಸೈನ್ ಯಾರ ಜವಾಬ್ದಾರಿಯೋ ಅವರನ್ನು ಕೇಳದೆ ಮುಂದೆ ಹೋಗಬೇಡಿ.

ಇನ್ನು ಶಾಫ್ಟ್ ಬಾಗುತ್ತದೆ ಅಂತ ದಪ್ಪ ಮಾಡುವ ಮುಂಚೆ ಏಕೆ ಬಾಗುತ್ತಿದೆ ಅಂತ ಲೆಕ್ಕ ಹಾಕಬೇಕು. ಬೆಲ್ಟ್ ಅತಿಯಾಗಿ ಬಿಗಿದಿದ್ದರೆ, ಡ್ರಮ್ ಬ್ಯಾಲೆನ್ಸ್ ಇಲ್ಲದಿದ್ದರೆ 30ರ ಶಾಫ್ಟ್ ಕೂಡ ಬಾಗುತ್ತದೆ. ಆ ಲೆಕ್ಕ ಬರದಿದ್ದರೆ ಬಲ್ಲವರ ಹತ್ತಿರ ಹೋಗಿ. ಹರಿಹರದಲ್ಲಿ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ ಇದೆ. ದಾವಣಗೆರೆಯಲ್ಲಿ ಯುಬಿಡಿಟಿ, ಬಾಪೂಜಿ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ವಿಭಾಗ ಇದೆ.

ಯಾರ ಹತ್ತಿರ ಹೋದರೂ ಕೈಯಲ್ಲಿ ಇವಿಷ್ಟು ಇರಲಿ: ಬದಲಾವಣೆಗೆ ಮುಂಚಿನ ಪ್ಯಾಕ್ ಅಂಡ್ ಗೋ ಫೋಲ್ಡರ್, ಬದಲಾವಣೆ ಆದ ಮೇಲಿನದು, 'ವಾಟ್ಸ್ ರಾಂಗ್' ಕಿಟಕಿಯ ಚಿತ್ರ, ಸಾಫ್ಟ್‌ವೇರ್‌ನ ವರ್ಷ ಮತ್ತು ಸರ್ವಿಸ್ ಪ್ಯಾಕ್ ನಂಬರ್, ಮುಂಚೆ ಬರೆದಿಟ್ಟ ಅಳತೆಗಳ ಚೀಟಿ. ಅಸೆಂಬ್ಲಿ ಫೈಲ್ ಒಂದನ್ನೇ ವಾಟ್ಸಾಪ್‌ನಲ್ಲಿ ಕಳಿಸಿದರೆ ಪಾರ್ಟ್‌ಗಳಿಲ್ಲದ ಖಾಲಿ ಮರ ಮಾತ್ರ ಅವರಿಗೆ ಕಾಣುತ್ತದೆ.